ಆರೈಕೆಗೂ ಒಂದು ರಹದಾರಿ: ಕೋವಿಡ್ ಕಾಲದ ನಿಯಮಗಳು ಮತ್ತು ಬೆಳವಣಿಗೆಯ ನ್ಯೂನತೆಯುಳ್ಳವರ ಸೇವೆಗಳು



2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಘೋಷಿತವಾದ ಲಾಕ್‌ಡೌನ್ ಅದೇ ಮಧ್ಯರಾತ್ರಿಯಿಂದ ದೇಶದಾದ್ಯಂತ ಜಾರಿಗೆ ಬಂದಿತು. 2005ರ ವಿಪತ್ತು ನಿರ್ವಹಣಾ ಅಧಿನಿಯಮದ ಅಡಿಯಲ್ಲಿ ಹೊರಟ ಆದೇಶವು ಜನರ ಸಂಚಾರವನ್ನು ನಿರ್ಬಂಧಿಸಿ, ಅತ್ಯಾವಶ್ಯಕವೆನಿಸಿದ ಸೇವೆಗಳಿಗೆ ಮಾತ್ರ ವಿನಾಯಿತಿ ನೀಡಿತು. ಹಾಲು, ತರಕಾರಿ, ದಿನಸಿ, ಔಷಧದ ಅಂಗಡಿ, ಆಸ್ಪತ್ರೆ, ಬ್ಯಾಂಕು, ಪೆಟ್ರೋಲ್ ಬಂಕು ಇವೆಲ್ಲವೂ ಆ ಪಟ್ಟಿಯಲ್ಲಿದ್ದವು. ಬಹುಪಾಲು ಕುಟುಂಬಗಳ ದಿನಚರಿಗೆ ಅಷ್ಟು ಸಾಕಾಗುತ್ತಿತ್ತು. ಆದರೆ ಕೆಲವು ಮನೆಗಳಲ್ಲಿ ಬೆಳಗು ಹಾಲಿನಿಂದ ಆರಂಭವಾಗುವುದಿಲ್ಲ. ಬಾಗಿಲು ತಟ್ಟುವ ಒಬ್ಬ ವ್ಯಕ್ತಿಯಿಂದ ಆರಂಭವಾಗುತ್ತದೆ. ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಸ್ವಾಧೀನದಲ್ಲಿಲ್ಲದ ಮೂವತ್ತರ ಮಗನನ್ನು ಅರವತ್ತೈದು ದಾಟಿದ ತಾಯಿ ಒಬ್ಬಳೇ ಹಾಸಿಗೆಯಿಂದ ಎತ್ತಲಾರಳು. ಅವನಿಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಗಂಟಲಿಗೆ ಸಿಕ್ಕದಂತೆ ತುತ್ತು ತುತ್ತಾಗಿ ಉಣಿಸಲು ದಿನವೂ ಬರುವ ಹೆಣ್ಣುಮಗಳಿಗೆ ಆ ಮೊದಲ ಪಟ್ಟಿಯಲ್ಲಿ ಹೆಸರಿರಲಿಲ್ಲ. ಡೊಂಬಿವಲಿಯಲ್ಲಾಗಲಿ, ಸಿಕಂದರಾಬಾದಿನಲ್ಲಾಗಲಿ, ಚೆನ್ನೈಯಲ್ಲಾಗಲಿ, ಅಂಥ ಮನೆಗಳ ಬಾಗಿಲು ಆ ಮರುದಿನ ಬೆಳಿಗ್ಗೆ ಯಾರೂ ತಟ್ಟದೆ ಉಳಿಯುವ ಪರಿಸ್ಥಿತಿ ಉಂಟಾಯಿತು.

ಬೆಳವಣಿಗೆಯ ನ್ಯೂನತೆ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಹುಟ್ಟಿನಿಂದ ಅಥವಾ ಬಾಲ್ಯದಲ್ಲಿ ಮಿದುಳು, ನರಮಂಡಲಗಳ ಬೆಳವಣಿಗೆಯಲ್ಲಿ ಆದ ವ್ಯತ್ಯಾಸದಿಂದ ಕಲಿಕೆ, ಮಾತು, ಚಲನೆ, ಇತರರೊಂದಿಗಿನ ವ್ಯವಹಾರ ಇವುಗಳಲ್ಲಿ ಜೀವನಪರ್ಯಂತ ಉಳಿಯುವ ತೊಡಕುಗಳ ಒಂದು ಗುಂಪು ಅದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಇವು ಅದರಲ್ಲಿ ಮುಖ್ಯವಾದವು. ಹಿಂದೆ ಬುದ್ಧಿಮಾಂದ್ಯವೆಂದು ಕರೆಯುತ್ತಿದ್ದುದನ್ನೇ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಬೌದ್ಧಿಕ ನ್ಯೂನತೆ ಎಂದು ಹೆಸರಿಸಿದೆ. 2011ರ ಜನಗಣತಿ ದೇಶದಲ್ಲಿ ಸುಮಾರು 2.68 ಕೋಟಿ ವಿಕಲಚೇತನರನ್ನು ಎಣಿಸಿತು. ಅವರಲ್ಲಿ ಸುಮಾರು 15 ಲಕ್ಷ ಮಂದಿ ಬುದ್ಧಿಮಾಂದ್ಯದ ವರ್ಗದಲ್ಲಿ ದಾಖಲಾದರು. ಆಟಿಸಂಗೆ ಆ ಗಣತಿಯಲ್ಲಿ ಪ್ರತ್ಯೇಕ ಕಲಮು ಇರಲಿಲ್ಲ. ಈ ಜನರಿಗೆ ಸಲ್ಲಬೇಕಾದ ಸೇವೆಯ ಸ್ವರೂಪವೇ ಬೇರೆ. ಗಾಲಿಕುರ್ಚಿಯನ್ನೋ ಶ್ರವಣಯಂತ್ರವನ್ನೋ ಒಮ್ಮೆ ಕೊಟ್ಟು ಮುಗಿಸುವಂಥದಲ್ಲ ಅದು. ದಿನದಿನವೂ ಮತ್ತೊಬ್ಬ ಮನುಷ್ಯನ ಕೈಯಿಂದಲೇ ಆಗಬೇಕಾದದ್ದು. ‘ಆರು ಅಡಿ ಅಂತರ’ ಎಂಬ ಸೂತ್ರ ಇವರ ಪಾಲಿಗೆ ಆರಂಭದಿಂದಲೇ ಅನ್ವಯವಾಗದ ಸೂತ್ರವಾಗಿತ್ತು.

ಲಾಕ್‌ಡೌನ್ ಆರಂಭವಾದ ಮರುದಿನವೇ, ಅಂದರೆ 2020ರ ಮಾರ್ಚ್ 26ರಂದು, ಕೇಂದ್ರ ಸರ್ಕಾರದ ವಿಕಲಚೇತನರ ಸಬಲೀಕರಣ ಇಲಾಖೆಯು ರಾಜ್ಯಗಳಿಗೆ ಸಮಗ್ರ ಮಾರ್ಗಸೂಚಿಗಳನ್ನು ಕಳುಹಿಸಿತು. ಕೋವಿಡ್ ಕುರಿತ ಮಾಹಿತಿ ಬ್ರೈಲ್, ಧ್ವನಿಮುದ್ರಿಕೆ, ಸಂಜ್ಞಾಭಾಷೆಗಳಲ್ಲಿ ದೊರೆಯಬೇಕು, ವಿಕಲಚೇತನರಿಗೆ ಚಿಕಿತ್ಸೆಯಲ್ಲಿ ಆದ್ಯತೆ ಇರಬೇಕು, ಆಹಾರ, ನೀರು, ಔಷಧಗಳನ್ನು ಸಾಧ್ಯವಾದ ಮಟ್ಟಿಗೆ ಅವರಿರುವ ಮನೆಗೇ ಅಥವಾ ಪ್ರತ್ಯೇಕವಾಸದ ಸ್ಥಳಕ್ಕೇ ತಲುಪಿಸಬೇಕು, ಅಂಗಡಿಗಳಲ್ಲಿ ಅವರಿಗೂ ವೃದ್ಧರಿಗೂ ಪ್ರತ್ಯೇಕ ವೇಳೆ ಗೊತ್ತುಮಾಡುವುದನ್ನು ರಾಜ್ಯಗಳು ಪರಿಶೀಲಿಸಬಹುದು, ತೀವ್ರ ನ್ಯೂನತೆಯುಳ್ಳ ನೌಕರರನ್ನು ಅತ್ಯಾವಶ್ಯಕ ಸೇವೆಯ ಕರ್ತವ್ಯದಿಂದ ಬಿಡಬೇಕು ಎಂಬ ಅಂಶಗಳೆಲ್ಲ ಅದರಲ್ಲಿದ್ದವು. ರಾಜ್ಯದ ವಿಕಲಚೇತನರ ಆಯುಕ್ತರು ಇವೆಲ್ಲಕ್ಕೂ ಹೊಣೆಗಾರ ಅಧಿಕಾರಿಗಳೆಂದು ಅದು ಗೊತ್ತುಪಡಿಸಿತು.

ಇಷ್ಟೂ ಅಂಶಗಳಲ್ಲಿ ಬೆಳವಣಿಗೆಯ ನ್ಯೂನತೆಯುಳ್ಳವರ ಮಟ್ಟಿಗೆ ಬದುಕಿಗೆ ನೇರವಾಗಿ ತಟ್ಟುವಂಥವು ಎರಡೇ. ಮೊದಲನೆಯದು, ಆರೈಕೆದಾರರಿಗೆ ಲಾಕ್‌ಡೌನಿನ ನಿರ್ಬಂಧದಿಂದ ವಿನಾಯಿತಿ ಕೊಡಬೇಕು ಅಥವಾ ಸರಳ ವಿಧಾನದಲ್ಲಿ ಪಾಸು ಕೊಡಬೇಕು ಎಂಬುದು. ಎರಡನೆಯದು, ವಸತಿ ಸಮುಚ್ಚಯಗಳ ನಿವಾಸಿ ಸಂಘಗಳಿಗೆ ತಿಳಿವಳಿಕೆ ನೀಡಿ, ಕೈಕಾಲು ಶುಚಿಗೊಳಿಸುವ ಕ್ರಮಗಳನ್ನು ಪಾಲಿಸಿದ ಮೇಲೆ ಮನೆಗೆಲಸದವರೂ ಆರೈಕೆದಾರರೂ ಒಳಬರುವುದಕ್ಕೆ ಅವಕಾಶ ಮಾಡಿಕೊಡಬೇಕು ಎಂಬುದು. ಸರ್ಕಾರದ ಸುತ್ತೋಲೆಯೊಂದು ಸೊಸೈಟಿಯ ಗೇಟಿನ ತನಕ ಇಳಿದು ಬಂದು ಅಲ್ಲಿನ ಕಾವಲುಗಾರನ ರಿಜಿಸ್ಟರನ್ನು ಗಮನಿಸಿದ ಪ್ರಸಂಗ ಅಪರೂಪದ್ದು. ಮಾರ್ಗಸೂಚಿಯನ್ನು ಬರೆದವರಿಗೆ ವಿಷಯದ ಗಂಟು ಎಲ್ಲಿದೆ ಎಂಬುದು ತಿಳಿದಿತ್ತು ಎನ್ನಬೇಕು.

ಆದರೆ ತಿಳಿವಳಿಕೆ ಕೊಡಬೇಕೆಂಬ ಸಲಹೆಗೂ, ತಡೆಯಕೂಡದೆಂಬ ಆಜ್ಞೆಗೂ ಅಂತರವಿದೆ. ಗೃಹ ಸಚಿವಾಲಯದ ಆದೇಶವನ್ನು ಮೀರಿದರೆ ದಂಡನೆಯಿತ್ತು. ಇಲಾಖೆಯ ಮಾರ್ಗಸೂಚಿಯನ್ನು ಮರೆತರೆ ಕೇಳುವವರಿರಲಿಲ್ಲ. ಸೋಂಕಿನ ಭಯದಲ್ಲಿದ್ದ ನಿವಾಸಿ ಸಂಘಕ್ಕೆ ದಂಡನೆಯ ಕಾಗದ ಮೊದಲು ಕಂಡುದರಲ್ಲಿ ಆಶ್ಚರ್ಯವಿಲ್ಲ. ಪಾಸು ಕೊಡಬೇಕಾದ ಪೊಲೀಸು ಅಧಿಕಾರಿಯ ಮುಂದೆ ಮತ್ತೊಂದು ಪ್ರಶ್ನೆ ಏಳುತ್ತಿತ್ತು: ಆರೈಕೆದಾರ ಎಂದರೆ ಯಾರು? ವೈದ್ಯನಿಗೆ ನೋಂದಣಿಯಿದೆ, ದಾದಿಗೆ ಗುರುತಿನ ಚೀಟಿಯಿದೆ. ಮನೆಯಲ್ಲಿ ದುಡಿಯುವ ಹೆಣ್ಣುಮಗಳಿಗೆ ತನ್ನ ಕೆಲಸವನ್ನು ತೋರಿಸುವ ಒಂದು ಕಾಗದವೂ ಇರುವುದಿಲ್ಲ.

ಕಾನೂನು ಮಾತ್ರ ಈ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟಿತ್ತು. 2016ರ ಅಧಿನಿಯಮದ 2ನೆಯ ಪ್ರಕರಣವು ಆರೈಕೆದಾರರೆಂದರೆ ತಂದೆತಾಯಿಗಳೂ ಕುಟುಂಬದ ಇತರರೂ ಸೇರಿದಂತೆ, ಹಣ ಪಡೆದೋ ಪಡೆಯದೆಯೋ ವಿಕಲಚೇತನರಿಗೆ ಆರೈಕೆ, ಆಸರೆ, ನೆರವು ನೀಡುವ ಯಾವುದೇ ವ್ಯಕ್ತಿ ಎಂದು ವಿವರಿಸುತ್ತದೆ. ಇದಕ್ಕಿಂತ ವಿಶಾಲವಾದ ವ್ಯಾಖ್ಯೆ ಬೇಕಿಲ್ಲ. ಅದೇ ಅಧಿನಿಯಮದ 8ನೆಯ ಪ್ರಕರಣ ವಿಪತ್ತಿನ ಕಾಲದಲ್ಲಿ ವಿಕಲಚೇತನರಿಗೆ ಸಮಾನ ರಕ್ಷಣೆಯ ಭರವಸೆ ಕೊಡುತ್ತದೆ. ಮಾತ್ರವಲ್ಲ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ತನ್ನ ಜಿಲ್ಲೆಯ ವಿಕಲಚೇತನರ ವಿವರಗಳನ್ನು ದಾಖಲೆಯಲ್ಲಿಟ್ಟು, ಅಪಾಯದ ಸಂಭವವನ್ನು ಅವರಿಗೆ ತಿಳಿಸಬೇಕು ಎಂದೂ ಹೇಳುತ್ತದೆ. ಕೋವಿಡ್ ಬರುವ ಕೆಲವೇ ತಿಂಗಳ ಮೊದಲು, 2019ರ ಸೆಪ್ಟೆಂಬರಿನಲ್ಲಿ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ವಿಕಲಚೇತನರನ್ನೂ ಒಳಗೊಳ್ಳುವ ವಿಪತ್ತು ಸಿದ್ಧತೆಯ ಬಗ್ಗೆ ರಾಷ್ಟ್ರೀಯ ಮಾರ್ಗಸೂಚಿಗಳನ್ನು ಪ್ರಕಟಿಸಿತ್ತು. ಆದುದರಿಂದ 2020ರಲ್ಲಿ ಕೊರತೆಯಿದ್ದುದು ಕಾನೂನಿನದಲ್ಲ. ಪ್ರವಾಹವನ್ನೂ ಭೂಕಂಪವನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಾನೂನನ್ನು, ಮನೆಯೊಳಗೇ ಕೂರಿಸುವ ವಿಪತ್ತಿಗೆ ಹೊಂದಿಸಿಕೊಳ್ಳುವ ಅಭ್ಯಾಸದ್ದು. ಹೊಳೆ ಏರಿದಾಗ ಜನರನ್ನು ಹೊರಗೆ ಸಾಗಿಸಬೇಕು. ಇಲ್ಲಿ ನೆರವು ಒಳಗೆ ಹೋಗಬೇಕಾಗಿತ್ತು.

ಏಪ್ರಿಲ್ 15ರಂದು ಗೃಹ ಸಚಿವಾಲಯ ಹೊರಡಿಸಿದ ಕ್ರೋಡೀಕೃತ ಮಾರ್ಗಸೂಚಿಗಳಲ್ಲಿ ಮಕ್ಕಳ, ವಿಕಲಚೇತನರ, ಬೌದ್ಧಿಕ ನ್ಯೂನತೆಯುಳ್ಳವರ, ವೃದ್ಧರ, ನಿರ್ಗತಿಕರ ವಸತಿಗೃಹಗಳು ನಡೆಯಲು ಸ್ಪಷ್ಟ ಅನುಮತಿಯಿತ್ತು. ಅದಕ್ಕೆ ಮೊದಲೇ, ಏಪ್ರಿಲ್ 3ರಂದು, ಸರ್ವೋಚ್ಚ ನ್ಯಾಯಾಲಯ ಮಕ್ಕಳ ಪಾಲನಾಗೃಹಗಳಲ್ಲಿ ಸೋಂಕು ಹರಡುವ ಸಂಭವವನ್ನು ತಾನಾಗಿಯೇ ಕೈಗೆತ್ತಿಕೊಂಡು ನಿರ್ದೇಶನಗಳನ್ನು ನೀಡಿತ್ತು. ವಸತಿಗೃಹಕ್ಕೆ ಅನುಮತಿ ದೊರೆಯಿತು; ಹಗಲಿನ ಕೇಂದ್ರಗಳು ಮುಚ್ಚಿಯೇ ಇದ್ದವು. ಹಗಲು ಪಾಲನೆಯ ಕೇಂದ್ರಕ್ಕೆ ಹೋಗುತ್ತಿದ್ದ ಮಗ ಅಥವಾ ಮಗಳು ತಿಂಗಳುಗಟ್ಟಲೆ ಮನೆಯಲ್ಲಿ ಉಳಿದರೆ ಆಗುವುದೇನು ಎಂಬುದನ್ನು ಹೊರಗಿನವರು ಊಹಿಸುವುದು ಕಷ್ಟ. ಆಟಿಸಂ ಇರುವ ಅನೇಕರಿಗೆ ದಿನದ ಕ್ರಮವೇ ನೆಲ. ಒಂಬತ್ತಕ್ಕೆ ವ್ಯಾನು, ಅದೇ ಕಿಟಕಿಯ ಬದಿಯ ಆಸನ, ಅದೇ ತಿರುವು, ಕೇಂದ್ರದಲ್ಲಿ ಅದೇ ಮೇಜು. ಅದು ಇದ್ದಕ್ಕಿದ್ದಂತೆ ನಿಂತಾಗ, ಏಕೆ ನಿಂತಿತು ಎಂಬುದನ್ನು ಹೇಳಿ ತಿಳಿಸಲಾಗದಾಗ, ನಿದ್ರೆ ಕೆಡುತ್ತದೆ. ಕಲಿತ ಮಾತು ಹಿಂದೆ ಸರಿಯುತ್ತದೆ. ಕೆಲವರು ತಮ್ಮನ್ನೇ ಹೊಡೆದುಕೊಳ್ಳುತ್ತಾರೆ.

ಈ ಸಂಕಟ ಇಲ್ಲಿಗಷ್ಟೇ ಸೀಮಿತವಾಗಿರಲಿಲ್ಲ. ಬೇರೆ ದೇಶಗಳೂ ತಮ್ಮ ನಿಯಮಗಳನ್ನು ತಿದ್ದಬೇಕಾಯಿತು. ಇಂಗ್ಲೆಂಡಿನಲ್ಲಿ ವ್ಯಾಯಾಮಕ್ಕಾಗಿ ದಿನಕ್ಕೆ ಒಂದೇ ಬಾರಿ ಹೊರಗೆ ಹೋಗಬಹುದೆಂಬ ಸೂಚನೆಯಿತ್ತು. ಆಟಿಸಂ ಇರುವ ಮಕ್ಕಳ ಕುಟುಂಬಗಳು ಕಾನೂನಿನ ಮೂಲಕ ಪ್ರಶ್ನಿಸಿದ ಬಳಿಕ, 2020ರ ಏಪ್ರಿಲ್ 8ರಂದು ಆ ಸೂಚನೆಯನ್ನು ಬದಲಿಸಿ, ಅಗತ್ಯವುಳ್ಳವರು ದಿನಕ್ಕೆ ಹೆಚ್ಚು ಬಾರಿ, ಮನೆಯಿಂದ ದೂರಕ್ಕೂ ಹೋಗಬಹುದೆಂದು ತಿಳಿಸಲಾಯಿತು. ಇದಕ್ಕಿಂತ ಗಂಭೀರವಾದ ಇನ್ನೊಂದು ತಿದ್ದುಪಡಿ ಅಲ್ಲಿಯೇ ನಡೆದಿತ್ತು. ತೀವ್ರ ನಿಗಾ ಘಟಕಕ್ಕೆ ಯಾರನ್ನು ಸೇರಿಸಬೇಕೆಂದು ನಿರ್ಧರಿಸುವಾಗ, ರೋಗಿಯು ನಿತ್ಯದ ಕೆಲಸಗಳಿಗೆ ಎಷ್ಟರಮಟ್ಟಿಗೆ ಪರಾವಲಂಬಿ ಎಂಬುದನ್ನು ಅಳೆಯುವ ಒಂದು ಮಾಪನವನ್ನು ಬಳಸಬೇಕೆಂದು ಅಲ್ಲಿನ ರಾಷ್ಟ್ರೀಯ ವೈದ್ಯಕೀಯ ಮಾರ್ಗದರ್ಶಿ ಸಂಸ್ಥೆ ಮಾರ್ಚ್ 20ರಂದು ಹೇಳಿತು. ವೃದ್ಧರಿಗಾಗಿ ರೂಪಿಸಿದ ಆ ಅಳತೆಯನ್ನು ಸೆರೆಬ್ರಲ್ ಪಾಲ್ಸಿಯ ಇಪ್ಪತ್ತೈದರ ಯುವಕನಿಗೆ ಹಿಡಿದರೆ, ಊಟಕ್ಕೂ ಸ್ನಾನಕ್ಕೂ ನೆರವು ಬೇಕಾಗಿರುವ ಒಂದೇ ಕಾರಣದಿಂದ ಅವನು ಬದುಕಿ ಉಳಿಯಲಾರದವರ ಸಾಲಿಗೆ ಸೇರಿಬಿಡುತ್ತಾನೆ. ಸಂಘಟನೆಗಳು ಕೂಡಲೇ ಆಕ್ಷೇಪಿಸಿದವು. ಮಾರ್ಚ್ 25ರಂದು, ಅಂದರೆ ಐದೇ ದಿನಗಳಲ್ಲಿ, ಅರವತ್ತೈದಕ್ಕಿಂತ ಕಡಿಮೆ ವಯಸ್ಸಿನವರಿಗೂ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಕಲಿಕೆಯ ನ್ಯೂನತೆಗಳಂಥ ಸ್ಥಿರ ಸ್ಥಿತಿಯುಳ್ಳವರಿಗೂ ಅದನ್ನು ಬಳಸಕೂಡದೆಂದು ಮಾರ್ಗಸೂಚಿ ತಿದ್ದುಪಡಿಯಾಯಿತು. ಕಾಗದದ ಮೇಲಿನ ಒಂದು ಸಾಲು ಯಾರ ಪ್ರಾಣವನ್ನು ತೂಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಸಿಗಲಾರದು.

ಅಮೆರಿಕದಲ್ಲಿ ಆಸ್ಪತ್ರೆಗಳು ಸಂದರ್ಶಕರನ್ನು ಪೂರ್ತಿ ನಿಷೇಧಿಸಿದ್ದವು. ಮಾತನಾಡಲಾರದ, ನೋವೆಲ್ಲಿದೆ ಎಂದು ಹೇಳಲಾರದ ರೋಗಿಯೂ ಒಂಟಿಯಾಗಿ ಮಲಗಬೇಕಾಯಿತು. ಕನೆಕ್ಟಿಕಟ್ ರಾಜ್ಯದ ವಿರುದ್ಧ ಬಂದ ದೂರಿನ ಇತ್ಯರ್ಥವಾಗಿ, 2020ರ ಜೂನ್ ತಿಂಗಳಲ್ಲಿ ಅಲ್ಲಿನ ಆಸ್ಪತ್ರೆಗಳು ವಿಕಲಚೇತನ ರೋಗಿಯ ಜೊತೆ ನೆರವಿನ ವ್ಯಕ್ತಿಯೊಬ್ಬರಿರಲು ಅವಕಾಶ ಕೊಡಬೇಕೆಂಬ ಆದೇಶವಾಯಿತು. ಸಂದರ್ಶಕ ಬೇರೆ, ಆಸರೆಯ ವ್ಯಕ್ತಿ ಬೇರೆ ಎಂಬ ಈ ಭೇದವನ್ನು ಭಾರತದ ಆಸ್ಪತ್ರೆಗಳ ವಾರ್ಡುಗಳೂ ಗಮನಿಸುವುದು ಒಳ್ಳೆಯದು. ಅದೇ ದೇಶದಲ್ಲಿ ಮನೆಯಲ್ಲೇ ಸೇವೆ ಪಡೆಯುವವರಿಗಾಗಿ ಮೆಡಿಕೇಡ್ ಯೋಜನೆಯ ನಿಯಮಗಳನ್ನು ರಾಜ್ಯಗಳು ತುರ್ತಾಗಿ ಸಡಿಲಿಸಿದವು. ಅನೇಕ ರಾಜ್ಯಗಳಲ್ಲಿ, ಹೊರಗಿನ ಆರೈಕೆದಾರರು ಬರಲಾಗದಾಗ ತಂದೆತಾಯಿಗಳೇ ಮಾಡಿದ ಆರೈಕೆಗೂ ಸಂಬಳ ಕೊಡಲು ಅವಕಾಶವಾಯಿತು. ಆ ತುರ್ತು ಸಡಿಲಿಕೆಗಳ ಅವಧಿ 2023ರ ನವೆಂಬರ್ 11ರಂದು ಮುಗಿಯಿತು. ಆದರೂ ಕೆಲವು ರಾಜ್ಯಗಳು ತಂದೆತಾಯಿಗಳ ಸಂಬಳವನ್ನು ಖಾಯಂ ನಿಯಮಗಳಲ್ಲೇ ಸೇರಿಸಿಕೊಂಡವು.

ಭಾರತದಲ್ಲಿ ಆ ವಾರದಲ್ಲೇ ಆದ, ಇಂದಿಗೂ ಉಳಿದಿರುವ ಒಂದು ಬದಲಾವಣೆ ದೂರವೈದ್ಯಕ್ಕೆ ಸಂಬಂಧಿಸಿದ್ದು. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಗಳು ದೂರವಾಣಿ, ವೀಡಿಯೋ, ಲಿಖಿತ ಸಂದೇಶಗಳ ಮೂಲಕ ನೋಂದಾಯಿತ ವೈದ್ಯರು ಸಲಹೆ ಕೊಡುವುದನ್ನು ನಿಯಮಬದ್ಧಗೊಳಿಸಿದವು. ರೋಗಿಯು ಅಪ್ರಾಪ್ತನಾಗಿದ್ದರೆ ಅಥವಾ ತಾನೇ ವ್ಯವಹರಿಸಲು ಅಶಕ್ತನಾಗಿದ್ದರೆ ಅವನ ಪರವಾಗಿ ಆರೈಕೆದಾರರು ವೈದ್ಯರೊಂದಿಗೆ ಮಾತನಾಡಬಹುದು, ಅವರಿಗೆ ಆ ಅಧಿಕಾರ ಇದೆಯೆಂದೇ ಭಾವಿಸಬೇಕು ಎಂದು ಅವು ಹೇಳುತ್ತವೆ. ಅಪಸ್ಮಾರದ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವಂತಿಲ್ಲದ ಮನೆಗಳಿಗೆ ಇದು ದೊಡ್ಡ ಅನುಕೂಲ. ಮತ್ತೊಂದು ಅನುಕೂಲವೂ ಇದೆ. ಹೊರರಾಜ್ಯದಲ್ಲಿ ನೆಲೆಸಿದ ಕನ್ನಡಿಗ ಕುಟುಂಬದ ಮಗುವಿಗೆ ಮನೆಯ ಮಾತು ಕನ್ನಡ, ಬೀದಿಯ ಮಾತು ಮರಾಠಿಯೋ ತೆಲುಗೋ ತಮಿಳೋ ಆಗಿರುತ್ತದೆ. ಮಾತಿನ ಬೆಳವಣಿಗೆಯೇ ತೊಡಕಾಗಿರುವ ಮಗುವನ್ನು ಅದಕ್ಕೆ ಬಾರದ ಭಾಷೆಯಲ್ಲಿ ಪರೀಕ್ಷಿಸಿ ‘ಉತ್ತರಿಸುವುದಿಲ್ಲ’ ಎಂದು ಬರೆದರೆ ಅದು ಮಗುವಿನ ಕೊರತೆಯಲ್ಲ. ಈಗ ಅಂಥ ಕುಟುಂಬಗಳು ಊರಿನ ಕನ್ನಡ ಬಲ್ಲ ವೈದ್ಯರನ್ನು ದೂರದಿಂದಲೇ ಕಾಣಬಹುದು. 2020ರ ಸೆಪ್ಟೆಂಬರ್ 7ರಂದು ಆರಂಭವಾದ ‘ಕಿರಣ್’ ಸಹಾಯವಾಣಿಯ ಹದಿಮೂರು ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. 2022ರ ಅಕ್ಟೋಬರಿನಲ್ಲಿ ಮಾನಸಿಕ ಆರೋಗ್ಯಕ್ಕಾಗಿ 14416 ಸಂಖ್ಯೆಯ ‘ಟೆಲಿ ಮಾನಸ್’ ಸೇವೆ ಆರಂಭವಾಯಿತು. ಬಳಲಿದ ತಂದೆತಾಯಿಗಳೂ ಅದನ್ನು ಬಳಸಬಹುದು.

ಶಿಕ್ಷಣದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. 2020ರ ಮೇ ತಿಂಗಳಲ್ಲಿ ಘೋಷಿತವಾದ ‘ಪಿಎಂ ಇ-ವಿದ್ಯಾ’ ಕಾರ್ಯಕ್ರಮ ದೃಷ್ಟಿ ಮತ್ತು ಶ್ರವಣದ ತೊಂದರೆಯುಳ್ಳ ಮಕ್ಕಳಿಗೆ ವಿಶೇಷ ಪಾಠಗಳನ್ನು ಪ್ರಕಟಿಸಿತು. ಬೌದ್ಧಿಕ ನ್ಯೂನತೆಯುಳ್ಳ ಮಗುವಿನ ಹೆಸರು ಆ ಘೋಷಣೆಯಲ್ಲಿರಲಿಲ್ಲ. ಪರದೆಯ ಎದುರು ಹತ್ತು ನಿಮಿಷ ಕೂರಲಾರದ ಮಗುವಿಗೆ ಪಾಠ ಮಾಡುವ ಹೊಣೆ ತಾಯಿಯ ಪಾಲಿಗೇ ಬಂದಿತು.

ಲಸಿಕೆಯ ನಿಯಮಗಳಲ್ಲಿ ಆದ ಬದಲಾವಣೆಗಳನ್ನು ಮಾತ್ರ ಹಂತಹಂತವಾಗಿ ನೋಡಬೇಕು. 2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೂ, ನಲವತ್ತೈದರಿಂದ ಐವತ್ತೊಂಬತ್ತರ ನಡುವಿನ ಇತರ ಕಾಯಿಲೆಯುಳ್ಳವರಿಗೂ ಲಸಿಕೆ ಆರಂಭವಾಯಿತು. ಅದಕ್ಕಾಗಿ ಪ್ರಕಟವಾದ ಇಪ್ಪತ್ತು ಸ್ಥಿತಿಗಳ ಪಟ್ಟಿಯಲ್ಲಿ ಬೌದ್ಧಿಕ ನ್ಯೂನತೆ, ಅಧಿಕ ಬೆಂಬಲ ಬೇಕಾದ ವೈಕಲ್ಯ, ಬಹುವಿಧ ವೈಕಲ್ಯಗಳೂ ಸೇರಿದ್ದವು. ಹೆಸರು ಸೇರಿತು, ಆದರೆ ವಯಸ್ಸಿನ ಗೆರೆ ನಲವತ್ತೈದರಲ್ಲೇ ನಿಂತಿತು. ಡೌನ್ ಸಿಂಡ್ರೋಮ್ ಇರುವ ವಯಸ್ಕರಲ್ಲಿ ಕೋವಿಡ್‌ನಿಂದ ಸಾವಿನ ಅಪಾಯ ಸುಮಾರು ಹತ್ತು ಪಟ್ಟು ಹೆಚ್ಚೆಂದು ಬ್ರಿಟನ್ನಿನ ಅಧ್ಯಯನವೊಂದು 2020ರ ಅಕ್ಟೋಬರಿನಲ್ಲೇ ತಿಳಿಸಿತ್ತು. ಆ ಸ್ಥಿತಿಯಲ್ಲಿ ದೇಹ ಬೇಗ ಮುಪ್ಪಾಗುತ್ತದೆ. ಅಂಥವರಿಗೆ ನಲವತ್ತೈದು ತುಂಬುವ ತನಕ ಕಾಯಿರಿ ಎನ್ನುವ ನಿಯಮ ಹೊಂದುವಂಥದಲ್ಲ. ಬ್ರಿಟನ್ನಿನಲ್ಲಿ 2021ರ ಫೆಬ್ರವರಿಯಲ್ಲಿ, ಕಲಿಕೆಯ ನ್ಯೂನತೆಯುಳ್ಳವರೆಂದು ವೈದ್ಯರಲ್ಲಿ ನೋಂದಣಿಯಾದ ಎಲ್ಲ ವಯಸ್ಕರಿಗೂ ವಯಸ್ಸು ನೋಡದೆ ಆದ್ಯತೆ ನೀಡುವಂತೆ ಸಲಹೆಯಾಯಿತು. ಇಲ್ಲಿ ಹದಿನೆಂಟು ದಾಟಿದ ಎಲ್ಲರಿಗೂ ಲಸಿಕೆ ತೆರೆದ ಮೇ 1ರವರೆಗೆ ಕಿರಿಯರು ಕಾಯಬೇಕಾಯಿತು. ಆ ಎರಡು ತಿಂಗಳುಗಳೇ ಎರಡನೆಯ ಅಲೆ ಏರಿದ ತಿಂಗಳುಗಳು.

ಬಳಿಕ ಬದಲಾವಣೆಗಳು ಬೇಗ ಬೇಗ ಆದವು. ಮೇ 27ರಂದು ಮನೆಗೆ ಸಮೀಪದ ಲಸಿಕಾ ಕೇಂದ್ರಗಳ ಮಾರ್ಗಸೂಚಿ ಬಂದಿತು. ವೃದ್ಧರಿಗೂ ವಿಕಲಚೇತನರಿಗೂ ಸಮುದಾಯ ಭವನ, ಶಾಲೆ, ಪಂಚಾಯಿತಿ ಕಟ್ಟಡ, ನಿವಾಸಿ ಸಂಘದ ಕಚೇರಿಗಳಲ್ಲೇ ಲಸಿಕೆ ಕೊಡಬಹುದೆಂದಾಯಿತು. ಒಂದು ವರ್ಷದ ಹಿಂದೆ ಆರೈಕೆದಾರರನ್ನು ಒಳಗೆ ಬಿಡಲು ಅನುಮಾನಿಸಿದ ನಿವಾಸಿ ಸಂಘವೇ ಈಗ ಲಸಿಕೆಯ ಮೇಜನ್ನು ತನ್ನ ಕಚೇರಿಯಲ್ಲಿಡುವಂತಾಯಿತು. ಸೆಪ್ಟೆಂಬರ್ 23ರಂದು, ಆ ಸಮೀಪದ ಕೇಂದ್ರಕ್ಕೂ ಬರಲಾರದವರಿಗೆ, ಹಾಸಿಗೆ ಹಿಡಿದವರಿಗೆ, ವಿಶೇಷ ಅಗತ್ಯಗಳುಳ್ಳವರಿಗೆ ಮನೆಯಲ್ಲೇ ಲಸಿಕೆ ನೀಡಲು ಕೇಂದ್ರ ಸರ್ಕಾರ ಅನುಮತಿ ನೀಡಿತು. ಸೂಜಿ ಕಂಡರೆ ಹೆದರಿ ಕಿರುಚುವ, ಸಾಲಿನಲ್ಲಿ ನಿಲ್ಲಲಾರದ, ಮುಖಗವಸು ತಾಳಲಾರದ ಯುವಕನಿಗೆ ತನ್ನ ಕೋಣೆಯಲ್ಲಿ, ತಾಯಿಯ ಪಕ್ಕದಲ್ಲಿ ಲಸಿಕೆ ಪಡೆಯುವುದು ಸೌಕರ್ಯದ ಮಾತಲ್ಲ. ಅನೇಕ ಬಾರಿ ಅದೊಂದೇ ದಾರಿ.

ಹಣದ ನೆರವಿನ ವಿಷಯದಲ್ಲಿ, ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಯ ಫಲಾನುಭವಿಗಳಿಗೆ 2020ರಲ್ಲಿ ಮೂರು ತಿಂಗಳ ಅವಧಿಗೆ ಎರಡು ಕಂತುಗಳಲ್ಲಿ ಒಟ್ಟು 1000 ರೂಪಾಯಿ ಘೋಷಣೆಯಾಯಿತು. ಆ ಪಿಂಚಣಿ ಬಡತನದ ರೇಖೆಗಿಂತ ಕೆಳಗಿನ, ಶೇಕಡಾ 80ರಷ್ಟು ಅಥವಾ ಅದಕ್ಕೂ ಹೆಚ್ಚು ವೈಕಲ್ಯವುಳ್ಳ ವಯಸ್ಕರಿಗೆ ಮಾತ್ರ ಸಲ್ಲುವಂಥದು. ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಆರೈಕೆದಾರರ ಭತ್ಯೆ ಕೊಡುವ ಯೋಜನೆಯನ್ನು 2016ರ ಅಧಿನಿಯಮದ 24ನೆಯ ಪ್ರಕರಣವೇ ಸೂಚಿಸಿದೆ. ಕೇರಳವು ‘ಆಶ್ವಾಸಕಿರಣಂ’ ಎಂಬ ಹೆಸರಿನಲ್ಲಿ ಅಂಥ ನೆರವನ್ನು ಕೋವಿಡ್‌ಗೆ ಮುಂಚಿನಿಂದಲೇ ನಡೆಸಿಕೊಂಡು ಬಂದಿತ್ತು. ದುಡಿಮೆ ಬಿಟ್ಟು ಮಗಳ ಪಕ್ಕದಲ್ಲಿ ಕುಳಿತ ತಾಯಿಯ ಶ್ರಮಕ್ಕೆ ಬೆಲೆ ಕಟ್ಟಲಾಗದೆಂಬ ಮಾತು ಕೇಳಲು ಚೆನ್ನ. ಆ ಮಾತಿನ ನೆರಳಿನಲ್ಲಿ ಅದಕ್ಕೆ ಏನನ್ನೂ ಕೊಡದೆ ಇರುವುದೂ ಸುಲಭವಾಗಿಬಿಟ್ಟಿದೆ.

2022ರ ಮಾರ್ಚ್ 31ಕ್ಕೆ ವಿಪತ್ತು ನಿರ್ವಹಣಾ ಅಧಿನಿಯಮದ ಅಡಿಯ ಕೋವಿಡ್ ಆದೇಶಗಳು ಕೊನೆಗೊಂಡವು. ಅವುಗಳೊಂದಿಗೆ ಪಾಸುಗಳೂ ವಿನಾಯಿತಿಗಳೂ ಹೋದವು. ನಿರ್ಬಂಧವೇ ಇಲ್ಲವಾದ ಮೇಲೆ ಅವುಗಳ ಅಗತ್ಯವಿಲ್ಲ ಎಂಬುದು ಸರಿ. ಆದರೆ ಮುಂದೊಮ್ಮೆ ಅಂಥ ದಿನ ಬಂದರೆ ಅತ್ಯಾವಶ್ಯಕ ಸೇವೆಗಳ ಮೊದಲ ಪಟ್ಟಿಯಲ್ಲೇ ಆರೈಕೆದಾರರ ಹೆಸರಿರಬೇಕಾದರೆ, ಶಾಂತಿಕಾಲದಲ್ಲಿ ಅವರ ಗುರುತು ದಾಖಲೆಯಾಗಿರಬೇಕು. ಆರೈಕೆದಾರರಿಗೆ ತರಬೇತಿ ಕೊಡುವುದಕ್ಕಾಗಿ ನ್ಯಾಷನಲ್ ಟ್ರಸ್ಟ್ ಸಂಸ್ಥೆಯು ‘ಸಹಯೋಗಿ’ ಎಂಬ ಯೋಜನೆಯನ್ನು 2015ರಲ್ಲೇ ರೂಪಿಸಿತ್ತು. ತರಬೇತಿಯ ಪ್ರಮಾಣಪತ್ರ ಕೈಯಲ್ಲಿದ್ದವರು ಗೇಟಿನ ಬಳಿ ನಿಂತು ತಾವು ಯಾರೆಂದು ವಿವರಿಸಬೇಕಾಗುವುದಿಲ್ಲ.

ಇನ್ನೂ ಒಂದು ಪ್ರಶ್ನೆಯನ್ನು ಎರಡನೆಯ ಅಲೆ ಮುಂದಿಟ್ಟುಹೋಯಿತು. ಆರೈಕೆ ಮಾಡುತ್ತಿದ್ದ ತಂದೆತಾಯಿಗಳೇ ತೀರಿಹೋದರೆ? 2021ರ ಮೇ 29ರಂದು ಪ್ರಕಟವಾದ ‘ಪಿಎಂ ಕೇರ್ಸ್ ಮಕ್ಕಳ ಯೋಜನೆ’ ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ ಆಸರೆಯಾಯಿತು. ಆದರೆ ತಂದೆತಾಯಿ ತೀರಿದ ದಿನ ಮಗುವಿಗೆ ಹದಿನೆಂಟು ತುಂಬಿರಬಾರದೆಂಬ ನಿಯಮ ಅದಕ್ಕಿತ್ತು. ಮೂವತ್ತು ವರ್ಷದ, ಐದು ವರ್ಷದ ಮಗುವಿನಷ್ಟೇ ಆಸರೆ ಬೇಕಾದ ಮಗಳು ಆ ಲೆಕ್ಕಕ್ಕೆ ಬರಲಿಲ್ಲ. ಆಸ್ಪತ್ರೆಯ ಒಪ್ಪಿಗೆಪತ್ರಕ್ಕೆ, ಬ್ಯಾಂಕಿನ ಖಾತೆಗೆ, ಮನೆಯ ಹಕ್ಕಿಗೆ ಅವಳ ಪರವಾಗಿ ಸಹಿ ಹಾಕುವ ಅಧಿಕಾರ ಯಾರಿಗೆ ಎಂಬುದು ತೀರ್ಮಾನವಾಗದೆ ಉಳಿಯಿತು. ಹದಿನೆಂಟು ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಕಾನೂನಿನ ಪಾಲಕರಾಗಿ ಮುಂದುವರಿಯುವುದಿಲ್ಲ ಎಂಬ ಸಂಗತಿ ಇಂದಿಗೂ ಅನೇಕ ಕುಟುಂಬಗಳಿಗೆ ತಿಳಿದಿಲ್ಲ.

ಇದಕ್ಕೆ ದಾರಿಯನ್ನು 1999ರ ನ್ಯಾಷನಲ್ ಟ್ರಸ್ಟ್ ಅಧಿನಿಯಮ ತೋರಿಸಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ವೈಕಲ್ಯ ಈ ನಾಲ್ಕಕ್ಕೆ ಅದು ಅನ್ವಯಿಸುತ್ತದೆ. ಅದರ 13ನೆಯ ಪ್ರಕರಣದಂತೆ ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ವಿಕಲಚೇತನರಾದ ಒಬ್ಬರು ಅದರ ಸದಸ್ಯರು. ತಂದೆತಾಯಿ ಅಥವಾ ಬಂಧುಗಳು ಪಾಲಕರ ನೇಮಕಕ್ಕಾಗಿ ಆ ಸಮಿತಿಗೆ ಅರ್ಜಿ ಸಲ್ಲಿಸಬಹುದು. ನೇಮಕಗೊಂಡ ಪಾಲಕರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕಪತ್ರವನ್ನೂ ಒಪ್ಪಿಸಬೇಕು. ಹೊರರಾಜ್ಯದಲ್ಲಿರುವ ಕನ್ನಡಿಗರು ಇದಕ್ಕಾಗಿ ಊರಿಗೆ ಹೋಗಬೇಕಿಲ್ಲ. ಮಗ ಅಥವಾ ಮಗಳು ವಾಸಿಸುತ್ತಿರುವ ಜಿಲ್ಲೆಯ ಸಮಿತಿಯನ್ನೇ ಕೇಳಬಹುದು. ಇದೇ ಸಂಸ್ಥೆಯ ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ, ಥೆರಪಿಯೂ ಸೇರಿದಂತೆ, ನೆರವಾಗುತ್ತದೆ; ಸೇರುವ ಮುನ್ನ ವೈದ್ಯಕೀಯ ತಪಾಸಣೆಯ ಷರತ್ತಿಲ್ಲ.

ವಿಕಲಚೇತನರ ಪ್ರಮಾಣಪತ್ರವನ್ನು 2021ರ ಜೂನ್ 1ರಿಂದ ಯುಡಿಐಡಿ ಜಾಲತಾಣದ ಮೂಲಕವೇ ಕೊಡಬೇಕೆಂದು ನಿಯಮವಾಗಿದ್ದು, ಆ ಚೀಟಿ ದೇಶದ ಎಲ್ಲೆಡೆ ಊರ್ಜಿತ. ಹಳೆಯ ಕಾಗದದ ಪ್ರಮಾಣಪತ್ರವನ್ನೇ ಇಟ್ಟುಕೊಂಡಿರುವ ಕುಟುಂಬಗಳು ಮೊದಲು ಇದನ್ನು ಮಾಡಿಸಿಕೊಳ್ಳಬೇಕು. ಬೌದ್ಧಿಕ ನ್ಯೂನತೆಯ ಬಗ್ಗೆ ತಜ್ಞರ ಸಲಹೆ ಬೇಕಾದವರಿಗೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯೂ, ಮುಂಬಯಿ, ದೆಹಲಿ ಸುತ್ತಲಿನವರಿಗಾಗಿ ಅದರ ಪ್ರಾದೇಶಿಕ ಕೇಂದ್ರಗಳೂ ಇವೆ. ಬಹುವಿಧ ವೈಕಲ್ಯಕ್ಕೆ ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆಯಿದೆ. ಯುಡಿಐಡಿ ಚೀಟಿ ಕೈಸೇರಿದ ಮೇಲೆ ಅದರ ಒಂದು ಪ್ರತಿಯನ್ನು, ಮನೆಗೆ ಬರುವ ಆರೈಕೆದಾರರ ಹೆಸರಿನ ಸಮೇತ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಒಂದು ಸಾಲಿನ ಪತ್ರದೊಂದಿಗೆ ಕಳುಹಿಸಿ ಸ್ವೀಕೃತಿ ಪಡೆಯಬಹುದು. 8ನೆಯ ಪ್ರಕರಣ ಹೇಳುವ ದಾಖಲೆಯಲ್ಲಿ ಆ ಮನೆಯ ಹೆಸರು ಸೇರಬೇಕಾದದ್ದು ಅಲ್ಲಿಯೇ.